ನಿದ್ದೆಯಲ್ಲಿರುವಾಗ ಉಸಿರು ಎಣಿಸಿ

ಪ್ರಶ್ನೆ: ನಮ್ಮ ಪೊಮೇರಿಯನ್‌ಗೆ ಹನ್ನೊಂದು ವರ್ಷ. ಎರಡು ತಿಂಗಳಿಂದ ರಾತ್ರಿ ಕೆಮ್ಮು. ಸಿರಪ್‌ಗೆ ಬಗ್ಗಲಿಲ್ಲ. ಎದೆಯಲ್ಲಿ ಮರ್ಮರ್ ಕೇಳಿಸುತ್ತಿದೆ ಎಂದರು ಡಾಕ್ಟರು. ಹಾರ್ಟ್ ಫೇಲ್ ಆಗಿದೆಯೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಮರ್ಮರ್ ಇದ್ದ ಮಾತ್ರಕ್ಕೆ ಹಾರ್ಟ್ ಫೇಲ್ ಅಲ್ಲ. ವಯಸ್ಸಾದ ಸಣ್ಣ ತಳಿಗಳಲ್ಲಿ ಹೃದಯದ ಎಡಬದಿಯ ಮೈಟ್ರಲ್ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚುವುದಿಲ್ಲ. ರಕ್ತ ಹಿಂದಕ್ಕೆ ಸೋರುವ ಸದ್ದೇ ಮರ್ಮರ್. ಅದನ್ನಿಟ್ಟುಕೊಂಡೇ ವರ್ಷಗಟ್ಟಲೆ ಆರಾಮಾಗಿರುವ ನಾಯಿಗಳು ಬೇಕಾದಷ್ಟಿವೆ. ಪೊಮೇರಿಯನ್‌ಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆಯೂ ಸಾಮಾನ್ಯ. ಕತ್ತಿನ ಪಟ್ಟಿ ಎಳೆದಾಗ, ಖುಷಿಗೆ ಕುಣಿದಾಗ ಬಾತುಕೋಳಿ ಕೂಗಿದಂತೆ ಕೆಮ್ಮಿದರೆ ಅದರ ಮೇಲೆ ಅನುಮಾನ. ಎರಡೂ ಒಟ್ಟಿಗೇ ಇರಬಹುದು, ಹಾಗಾಗಿ ಎದೆಯ ಎಕ್ಸ್-ರೇ ತೆಗೆಸಲೇಬೇಕು.

ಕೆಮ್ಮಿಗಿಂತ ಹೆಚ್ಚು ನಂಬಬಹುದಾದದ್ದು ಉಸಿರಿನ ಲೆಕ್ಕ. ನಾಯಿ ತಣ್ಣನೆಯ ಜಾಗದಲ್ಲಿ ಗಾಢ ನಿದ್ದೆಯಲ್ಲಿರಲಿ. ಎದೆ ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಕನಸಲ್ಲಿ ಕಾಲು ಅದುರಿಸುತ್ತಿದ್ದರೆ, ತೇಕುತ್ತಿದ್ದರೆ ಆ ಲೆಕ್ಕ ಬೇಡ. ದಿನವೂ ಕ್ಯಾಲೆಂಡರ್ ಮೇಲೆ ಬರೆದಿಡಿ. ನಿಮಿಷಕ್ಕೆ 30ರ ಒಳಗಿರಬೇಕು. ಮತ್ತೆ ಮತ್ತೆ 30 ದಾಟಿದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. 40 ದಾಟಿ, ಕತ್ತು ಚಾಚಿ ಕೂತು, ಮಲಗಲೊಲ್ಲದೆ ಒದ್ದಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು; ಬೆಳಗಾಗಲಿ ಎಂದು ಕಾಯಬೇಡಿ.

ಹೃದಯ ಹಿಗ್ಗಿದ್ದು ಖಚಿತವಾದರೆ ಪಿಮೊಬೆಂಡಾನ್ ಎಂಬ ಹೃದಯದ ಔಷಧಿ ಬರೆಯುತ್ತಾರೆ. ಹಿಗ್ಗಿದ ಹಂತದಲ್ಲೇ ಶುರುಮಾಡಿದರೆ ಹಾರ್ಟ್ ಫೇಲ್ ಆಗುವುದು ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆಂದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. 12 ಗಂಟೆಗೊಮ್ಮೆ, ಊಟಕ್ಕೆ ಒಂದು ಗಂಟೆ ಮೊದಲು ಕೊಡಿ. ಎಕೋ (ಹೃದಯದ ಸ್ಕ್ಯಾನ್) ಬೇಕೆಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮ್ಮ ಹೆದ್ದಾರಿಯಲ್ಲೇ ಸಿಗುತ್ತದೆ. ದಿನ, ಸಮಯ ಮೊದಲೇ ವಿಚಾರಿಸಿ. ನಡು ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ ಹೊರಡಬೇಡಿ.

ಪ್ರಶ್ನೆ: ನೀರು ತೆಗೆಯುವ ಮಾತ್ರೆ ಕೊಟ್ಟಾಗಿನಿಂದ ನಾಯಿ ಮನೆಯೆಲ್ಲ ಉಚ್ಚೆ ಮಾಡುತ್ತಿದೆ. ನೀರು ಕಡಿಮೆ ಇಡಬಹುದೇ?
– ಓದುಗರು, ಗೌರಿಬಿದನೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನೀರು ತೆಗೆಯುವ ಮಾತ್ರೆಯಾದ ಫ್ಯೂರೋಸೆಮೈಡ್ ಕೆಲಸ ಮಾಡುವುದೇ ಹಾಗೆ. ನೀರು ತಪ್ಪಿಸಿದರೆ, ಅದೂ ಬೇಸಿಗೆಯಲ್ಲಿ, ಮೂತ್ರಪಿಂಡ ಕೆಡುತ್ತದೆ. ಮಾತ್ರೆ ಕೊಟ್ಟ ಒಂದೆರಡು ಗಂಟೆಯಲ್ಲಿ ಹೊರಗೆ ಬಿಡಿ. ಕೆಮ್ಮು ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ. ಮುದ್ದೆ ಹಾಕಿದರೆ ಚಿಂತೆಯಿಲ್ಲ, ಮೇಲೆ ಮನೆಯ ಸಾರು ಬೇಡ: ಉಪ್ಪು ಹೃದಯಕ್ಕೆ ಭಾರ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ಉಪ್ಪು ಹಾಕದೆ ಬೇಯಿಸಿದ ಕೋಳಿ ಕಟ್ಟು ಸಾಕು.

ಪ್ರಶ್ನೆ: 14 ವರ್ಷದ ಬೆಕ್ಕು ನಿನ್ನೆಯಿಂದ ಗೋಡೆಗೆ ಡಿಕ್ಕಿ ಹೊಡೆಯುತ್ತಿದೆ. ಕಣ್ಣಪಾಪೆ ಅಗಲವಾಗಿಯೇ ಇದೆ. ಬಿಪಿ ಇರಬಹುದು ಎನ್ನುತ್ತಾರೆ. ತಾತನ ಬಿಪಿ ಮಾತ್ರೆ ಕೊಡಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ಇವತ್ತೇ ಆಸ್ಪತ್ರೆಗೆ ಒಯ್ಯಿರಿ. ಬಿಪಿ ಏರಿ ಅಕ್ಷಿಪಟಲ (ಕಣ್ಣಿನ ಹಿಂಬದಿಯ ಪದರ, ರೆಟಿನಾ) ಕಿತ್ತುಬಂದಿರಬಹುದು. ತಡವಾದಷ್ಟೂ ದೃಷ್ಟಿ ಮರಳುವ ಸಾಧ್ಯತೆ ಕುಗ್ಗುತ್ತದೆ. ಬೆಕ್ಕಿನ ಬಿಪಿಗೆ ಹಿಂದೆ ಬಹುಮಟ್ಟಿಗೆ ಮೂತ್ರಪಿಂಡದ ಕಾಯಿಲೆಯೋ ಥೈರಾಯ್ಡ್ ಹೆಚ್ಚಳವೋ ಇರುತ್ತದೆ, ರಕ್ತ ಮತ್ತು ಮೂತ್ರ ಪರೀಕ್ಷೆ ಬಿಡಬೇಡಿ.

ಹೆದರಿದ ಬೆಕ್ಕಿನ ಬಿಪಿ ಸುಳ್ಳು ಹೇಳುತ್ತದೆ. ಐದು-ಹತ್ತು ನಿಮಿಷ ಬುಟ್ಟಿಯಲ್ಲೇ ಸುಮ್ಮನೆ ಬಿಟ್ಟು, ಮೊದಲ ಅಳತೆ ಬಿಟ್ಟು, ನಂತರದ ಐದಾರರ ಸರಾಸರಿ ಹಿಡಿಯಬೇಕು. ಬಿಪಿ ಅಳೆಯಲು ಕಾಲಿಗೆ ಸುತ್ತುವ ಪಟ್ಟಿಯ ಅಗಲ ಆ ಕಾಲಿನ ಸುತ್ತಳತೆಯ 30–40 ಶೇಕಡಾ ಇರಲಿ. ಕಿರಿದಾದರೆ ಅಂಕಿ ಏರುತ್ತದೆ, ಅಗಲವಾದರೆ ಇಳಿಯುತ್ತದೆ. ಮೇಲಿನ ಅಂಕಿ 160 ದಾಟಿದರೆ ಅಧಿಕ, 180 ಮುಟ್ಟಿದರೆ ಅಪಾಯ.

ತಾತನ ಮಾತ್ರೆ ಯಾವುದೆಂದು ತಿಳಿಯದೆ ಕೊಡಲೇಬೇಡಿ. ಕೆಲವು ಎದೆಬಡಿತವನ್ನೇ ಕುಗ್ಗಿಸಿಬಿಡುತ್ತವೆ. ಮನುಷ್ಯರ ಬಿಪಿ ಮಾತ್ರೆಗಳಲ್ಲೊಂದಾದ ಅಮ್ಲೋಡಿಪಿನ್ನೇ ಬೆಕ್ಕಿಗೂ ಬರೆಯುವುದು ನಿಜ, ಆದರೆ ಸಾಮಾನ್ಯವಾಗಿ 0.625 ಮಿಲಿಗ್ರಾಂನಿಂದ ಶುರು, ಅಂದರೆ 2.5ರ ಮಾತ್ರೆಯಲ್ಲಿ ಕಾಲು ಭಾಗ. ತಾತನ 5ರ ಮಾತ್ರೆ ಇಡಿಯಾಗಿ ಹೋದರೆ ಎಂಟು ಪಟ್ಟು.