ಓದುಗರ ಪ್ರಶ್ನೆ: 57 ಪಂದ್ಯ ಗೆದ್ದರೂ ಪ್ರಶಸ್ತಿ ಏಕೆ ಬರಲಿಲ್ಲ?

ಪ್ರಶ್ನೆ: ಅಮೆರಿಕದ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗ ಅಲ್ಲಿನ ಬೇಸ್‌ಬಾಲ್ ತಂಡದ ವರ್ಷವಾರು ಫಲಿತಾಂಶಗಳ ಪಟ್ಟಿಯನ್ನು ಕಳುಹಿಸಿದ್ದಾನೆ. ಅದರಲ್ಲಿ 2013ರ ಎದುರು 57-11 ಎಂದೂ 2023ರ ಎದುರು 54-17 ಎಂದೂ ಇದೆ. ಆದರೆ ಇವೆರಡರಲ್ಲಿ ರಾಷ್ಟ್ರೀಯ ಚಾಂಪಿಯನ್ ಎಂದು ನಮೂದಾಗಿರುವುದು 2023ಕ್ಕೆ ಮಾತ್ರ. ಇದು ಅಚ್ಚಿನ ತಪ್ಪೇ? 1993ರ ಸಾಲಿನಲ್ಲಿ ಮೂರು ಅಂಕಿಗಳಿರುವುದು ಏಕೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಮಣಿಪಾಲ

ಉತ್ತರ: ಅಚ್ಚಿನ ತಪ್ಪಲ್ಲ. ಮೊದಲ ಅಂಕಿ ಗೆಲುವು, ಎರಡನೆಯದು ಸೋಲು, ಮೂರನೆಯದಿದ್ದರೆ ಅದು ಸಮಬಲ. 1993ರ 53-17-1 ಎಂಬುದನ್ನು ಹಾಗೆ ಓದಬೇಕು. ಬೇಸ್‌ಬಾಲ್‌ನಲ್ಲಿ ಫಲಿತಾಂಶ ಬರುವವರೆಗೆ ಹೆಚ್ಚುವರಿ ಇನ್ನಿಂಗ್ಸ್ ಆಡಿಸುವುದರಿಂದ ಸಮಬಲವೆಂಬುದು ಬಹಳ ಅಪರೂಪ.

ಇನ್ನು ನಿಮ್ಮ ಮುಖ್ಯ ಸಂದೇಹಕ್ಕೆ ಬರೋಣ. ಕಾಲೇಜು ಬೇಸ್‌ಬಾಲ್ ಫೆಬ್ರವರಿ ಮಧ್ಯಭಾಗದಲ್ಲಿ ಆರಂಭವಾಗಿ, ನಮ್ಮ ಮೈದಾನಗಳಲ್ಲಿ ಮಳೆನೀರು ನಿಲ್ಲುವ ಜೂನ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಇದರಲ್ಲಿ ಕೊನೆಯ ಟೂರ್ನಿಗಳಿಗೆ ಮೊದಲೇ ಒಂದು ತಂಡ ಸುಮಾರು 56 ಪಂದ್ಯಗಳನ್ನಾಡುತ್ತದೆ. ಆ ಗೆಲುವುಗಳು ತಂಡವನ್ನು 64 ತಂಡಗಳ ರಾಷ್ಟ್ರೀಯ ಟೂರ್ನಿಯ ಬಾಗಿಲಿಗೆ ಒಯ್ಯುತ್ತವೆಯೇ ಹೊರತು ಅದರೊಳಗೆ ಅಂಕಗಳಾಗಿ ಜೊತೆಗೆ ಬರುವುದಿಲ್ಲ. ಟೂರ್ನಿಯ ಮೊದಲ ಹಂತದಲ್ಲಿ ನಾಲ್ಕು ನಾಲ್ಕು ತಂಡಗಳ 16 ಗುಂಪುಗಳಿದ್ದು, ಎರಡು ಸಲ ಸೋತವರು ಮನೆಗೆ ಹೋಗುತ್ತಾರೆ. ಗೆದ್ದ 16 ತಂಡಗಳು ಜೋಡಿಯಾಗಿ ಮೂರು ಪಂದ್ಯಗಳ ಸರಣಿ ಆಡಿದ ಮೇಲೆ ಉಳಿಯುವ ಎಂಟು ತಂಡಗಳು ನೆಬ್ರಾಸ್ಕ ರಾಜ್ಯದ ಒಮಾಹ ನಗರಕ್ಕೆ ಹೋಗುತ್ತವೆ. ಕಾಲೇಜು ವರ್ಲ್ಡ್ ಸೀರೀಸ್ ಎಂಬ ಈ ಕೊನೆಯ ಘಟ್ಟ 1947ರಲ್ಲಿ ಆರಂಭವಾದದ್ದು ಬೇರೆ ಊರಿನಲ್ಲಾದರೂ 1950ರಿಂದ ಒಮಾಹದಲ್ಲೇ ನಡೆಯುತ್ತ ಬಂದಿದೆ.

2013ರ ತಂಡ ಒಮಾಹದವರೆಗೆ ಅಬ್ಬರದಿಂದಲೇ ಹೋಯಿತು. ಅಲ್ಲಿ ಮೊದಲ ಪಂದ್ಯವನ್ನು ಯುಸಿಎಲ್‌ಎ ವಿರುದ್ಧ 2-1ರಿಂದ, ಎರಡನೆಯದನ್ನು ನಾರ್ತ್ ಕ್ಯಾರೊಲಿನ ವಿರುದ್ಧ 4-2ರಿಂದ ಸೋತು, ನಾಲ್ಕು ತಿಂಗಳ ದುಡಿಮೆಯನ್ನು ಎರಡೇ ಪಂದ್ಯಗಳಲ್ಲಿ ಕಳೆದುಕೊಂಡು ಹಿಂದಿರುಗಿತು. ಆ ವರ್ಷ ಪ್ರಶಸ್ತಿ ಪಡೆದದ್ದು ಯುಸಿಎಲ್‌ಎ. 2023ರ ತಂಡದ ಹಾದಿ ಇದಕ್ಕೆ ತದ್ವಿರುದ್ಧ: ಫ್ಲಾರಿಡ ವಿರುದ್ಧದ ಅಂತಿಮ ಸರಣಿಯ ಮೊದಲ ಪಂದ್ಯವನ್ನು 11 ಇನ್ನಿಂಗ್ಸ್‌ಗಳಲ್ಲಿ 4-3ರಿಂದ ಗೆದ್ದು, ಮರುದಿನ 24-4ರಿಂದ ನೆಲಕಚ್ಚಿ, ಅದರ ಮರುದಿನವೇ 18-4ರಿಂದ ಗೆದ್ದಿತು. ಒಟ್ಟು ರನ್ ಕೂಡಿಸಿದರೆ ಫ್ಲಾರಿಡದ್ದೇ ಹೆಚ್ಚು! ಕ್ರಿಕೆಟ್‌ನ ಸರಾಸರಿ, ರನ್ ರೇಟುಗಳಿಗೆ ಒಗ್ಗಿದ ನಮ್ಮಂಥವರಿಗೆ ಇದು ಅನ್ಯಾಯವೆಂದು ತೋರಬಹುದು. ನನ್ನ ದೃಷ್ಟಿಯಲ್ಲಂತೂ 2013ರ ಸಾಲು ಆ ಪಟ್ಟಿಯಲ್ಲೇ ಅತ್ಯಂತ ದುಃಖದ ಸಾಲು.

ಪ್ರಶ್ನೆ: ಅದೇ ಪಟ್ಟಿಯಲ್ಲಿ ಪ್ರತಿ ವರ್ಷದ ಎದುರು ಕೋಚ್ ಹೆಸರಿದೆ, ಕಪ್ತಾನನ ಹೆಸರೇ ಇಲ್ಲ. ತಂಡದ ಚರಿತ್ರೆಯನ್ನು ಆಡಿದವರ ಹೆಸರಿನಲ್ಲಲ್ಲವೇ ಬರೆಯಬೇಕಾದದ್ದು?
– ಅದೇ ಓದುಗರು

ಉತ್ತರ: ಆಟಗಾರರು ಅಲ್ಲಿ ನಿಲ್ಲುವುದಿಲ್ಲ. ನಾಲ್ಕು ವರ್ಷದ ಓದಿನಲ್ಲಿ ಮೂರನೆಯ ವರ್ಷ ಮುಗಿಯುತ್ತಲೇ ಮೇಜರ್ ಲೀಗ್ ಎಂಬ ವೃತ್ತಿಪರ ಕೂಟದ ತಂಡಗಳು ಉತ್ತಮ ಆಟಗಾರರನ್ನು ಆರಿಸಿಕೊಳ್ಳುತ್ತವೆ. 2023ರಲ್ಲಿ 209 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಔಟ್) ಮಾಡಿದ ಪಿಚರ್, ಅಂದರೆ ಚೆಂಡೆಸೆಯುವವರಾದ, ಪಾಲ್ ಸ್ಕೀನ್ಸ್ ಆ ವರ್ಷದ ಆಯ್ಕೆಯಲ್ಲಿ ಮೊದಲಿಗನಾಗಿ, ಸಹ ಆಟಗಾರ ಡಿಲನ್ ಕ್ರೂಸ್ ಎರಡನೆಯವನಾಗಿ ಹೊರಟುಹೋದರು. ಸ್ಕೀನ್ಸ್ ಆ ತಂಡಕ್ಕೆ ಆಡಿದ್ದು ಒಂದೇ ಋತು. ಅದಕ್ಕೆ ಮೊದಲು ಅವರು ವಾಯುಪಡೆಯ ಅಕಾಡೆಮಿಯಲ್ಲಿದ್ದರು. ನಮ್ಮ ಯಕ್ಷಗಾನ ಮೇಳಗಳಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಕಲಾವಿದ ಮುಂದಿನ ತಿರುಗಾಟಕ್ಕೆ ಬೇರೆ ಮೇಳದಲ್ಲಿ ಕಾಣಿಸಿಕೊಂಡರೆ ಯಾರೂ ಬೆರಗಾಗುವುದಿಲ್ಲವಷ್ಟೆ. ಅಲ್ಲೂ ಒಂದು ಋತುವೆಂದರೆ ಹಾಗೆ ಹೊಸದಾಗಿ ಕಟ್ಟಿದ ಒಂದು ತಿರುಗಾಟ. ಹಾಗಾಗಿ ಪಟ್ಟಿಯ ಏರಿಳಿತಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಕೋಚ್‌ಗಳ ಹೆಸರಿನ ಕಾಲಮ್ಮನ್ನೇ ಮೊದಲು ನೋಡಬೇಕು.

ತಂಡ ಹುಟ್ಟಿದ್ದು 1893ರಲ್ಲಾದರೂ ಒಮಾಹವನ್ನು ಮೊದಲು ಕಂಡದ್ದು 1986ರಲ್ಲಿ. ಸ್ಕಿಪ್ ಬರ್ಟ್‌ಮನ್ ಕೋಚ್ ಆಗಿ ಬಂದದ್ದು 1984ರ ಋತುವಿಗೆ. ಅವರು 2001ರವರೆಗೆ 870 ಪಂದ್ಯಗಳನ್ನು ಗೆಲ್ಲಿಸಿ 1991, 1993, 1996, 1997 ಮತ್ತು 2000ದಲ್ಲಿ ಪ್ರಶಸ್ತಿ ತಂದರು. ಆಗ ಕೊನೆಗೆ ಒಂದೇ ಫೈನಲ್ ಪಂದ್ಯ. ಮೂರು ಪಂದ್ಯಗಳ ಸರಣಿ ಬಂದದ್ದು 2003ರಲ್ಲಿ. 1996ರ ಆ ಒಂದೇ ಪಂದ್ಯದ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಮಯಾಮಿ ತಂಡ 8-7ರಿಂದ ಮುಂದಿತ್ತು, ಇಬ್ಬರು ಔಟಾಗಿದ್ದರು, ಮೂರನೆಯ ಬೇಸ್‌ನಲ್ಲೊಬ್ಬನಿದ್ದ. ಕೈಯ ಎಲುಬಿನ ಶಸ್ತ್ರಚಿಕಿತ್ಸೆಯಿಂದ ಋತುವಿನ ಬಹುಪಾಲು ಹೊರಗುಳಿದಿದ್ದ ವಾರನ್ ಮಾರಿಸ್ ಬಂದು ಮೊದಲ ಎಸೆತವನ್ನೇ ಬೇಲಿಯಾಚೆ ಕಳುಹಿಸಿ 9-8ರಿಂದ ಗೆಲ್ಲಿಸಿದರು. ಅದು ಆ ಋತುವಿನಲ್ಲಿ ಅವರ ಏಕೈಕ ಹೋಮ್ ರನ್. ಪಟ್ಟಿಯಲ್ಲಿ ಇದು 52-15 ಎಂದಷ್ಟೇ ಕಾಣುತ್ತದೆ.

ಬರ್ಟ್‌ಮನ್ ಬಳಿಕ ಬಂದ ಸ್ಮೋಕ್ ಲಾವಲ್ ಎರಡು ಸಲ ಒಮಾಹಕ್ಕೆ ಕರೆದೊಯ್ದರೂ 2006ರಲ್ಲಿ ತಂಡಕ್ಕೆ 64ರೊಳಗೇ ಜಾಗ ಸಿಗದೆ ಅವರ ಕಾಲ ಮುಗಿಯಿತು. ಪಾಲ್ ಮೈನಿಯರಿ ಅವರ ಮೊದಲ ವರ್ಷವಾದ 2007ರಲ್ಲೂ ಅದೇ ಗತಿ. ಆದರೆ 2008ರಲ್ಲಿ ಸತತ 23 ಗೆಲುವು, 2009ರಲ್ಲಿ ಪ್ರಶಸ್ತಿ. ನಿಮ್ಮ 57-11 ಕೂಡ ಅವರ ಕಾಲದ್ದೇ. 2020ರ ಎದುರು 12-5 ಎಂದು ಕಂಡು ಗಾಬರಿಯಾಗಬೇಡಿ, ಕೊರೋನದಿಂದ ಮಾರ್ಚ್‌ನಲ್ಲೇ ಆಟ ನಿಂತ ವರ್ಷವದು. 2022ರಿಂದ ಕೋಚ್ ಆಗಿರುವ ಜೇ ಜಾನ್ಸನ್ 2023 ಮತ್ತು 2025ರ ಪ್ರಶಸ್ತಿಗಳನ್ನು ಸೇರಿಸಿ ಒಟ್ಟು ಲೆಕ್ಕವನ್ನು ಎಂಟಕ್ಕೆ ತಂದಿದ್ದಾರೆ.

ಪ್ರಶ್ನೆ: ಇದೇ ತಂಡ 1997ರಲ್ಲಿ 188 ಹೋಮ್ ರನ್ ಹೊಡೆದು ದಾಖಲೆ ಮಾಡಿತೆಂದು ಓದಿದೆ. ಈಗಿನವರಿಗೆ ಅದೇಕೆ ಸಾಧ್ಯವಾಗುತ್ತಿಲ್ಲ?
– ಕಾಲೇಜು ವಿದ್ಯಾರ್ಥಿ, ಉಡುಪಿ

ಉತ್ತರ: ಬ್ಯಾಟ್ ಬದಲಾಗಿದೆ. ವೃತ್ತಿಪರರು ಮರದ ಬ್ಯಾಟ್ ಹಿಡಿದರೆ ಕಾಲೇಜಿನವರಿಗೆ 1974ರಿಂದ ಅಲ್ಯೂಮಿನಿಯಂ ಬ್ಯಾಟಿಗೆ ಅನುಮತಿಯಿದೆ. ಟೊಳ್ಳು ಲೋಹದ ಗೋಡೆ ಚೆಂಡು ತಾಗಿದಾಗ ಒಳಗೆ ಬಗ್ಗಿ ಮತ್ತೆ ಚಿಮ್ಮುವುದರಿಂದ ಚೆಂಡಿಗೆ ಹೆಚ್ಚು ವೇಗ ಸಿಗುತ್ತದೆ. 1998ರ ಫೈನಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯ ತಂಡ ಅರಿಜೋನ ಸ್ಟೇಟನ್ನು ಮಣಿಸಿದ್ದು 21-14ರಿಂದ. ಬೇಸ್‌ಬಾಲ್‌ನಲ್ಲಿ ಇದು ವಿಪರೀತವೇ ಸರಿ. ಅನಂತರ ನಿಯಮಗಳು ಬಿಗಿಯಾಗುತ್ತ ಹೋಗಿ, 2011ರಲ್ಲಿ ಲೋಹದ ಬ್ಯಾಟೂ ಮರದ್ದರಂತೆಯೇ ವರ್ತಿಸಬೇಕೆಂಬ ಮಾನದಂಡ ಜಾರಿಗೆ ಬಂತು. ಆದ್ದರಿಂದ 1997ರ ರನ್ನುಗಳನ್ನೂ 2013ರ ರನ್ನುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗೆಂದು ಎಲ್ಲವನ್ನೂ ಬ್ಯಾಟಿನ ಮೇಲೆ ಹೊರಿಸುವಂತೆಯೂ ಇಲ್ಲ. ಮೇಲೆ ಹೇಳಿದ 24-4 ಫಲಿತಾಂಶ ಬಂದದ್ದು ಹೊಸ ಬ್ಯಾಟಿನಲ್ಲೇ.