ಬೆರಳಿನ ಆಟಕ್ಕೆ ಬಟನ್ ಹೊಂದಿಸುವ ಕೆಲಸ

ಗೇಮ್‌ಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಉತ್ತರಿಸುವವರು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಮೊಬೈಲ್ ಆಟಗಳನ್ನು ಕನ್ಸೋಲ್‌ಗೆ, ಅಂದರೆ ಆಟಕ್ಕೆಂದೇ ಮಾಡಿದ ಯಂತ್ರಗಳಿಗೆ, ತರುವ ತಂಡದಲ್ಲಿದ್ದಾರೆ. ಮೆನುಗಳ ಕೆಲಸ ಅವರದು.

*ಪ್ರಶ್ನೆ: ಮೇಡಂ, ನಾವು ಮೂವರು ಗೆಳೆಯರು ಸೇರಿ ಯೂನಿಟಿ ಅನ್ನುವ ಗೇಮ್ ಎಂಜಿನ್‌ನಲ್ಲಿ ಒಂದು ಮುದ್ದಾದ ಫ್ಯಾಂಟಸಿ ಆರ್‌ಪಿಜಿ (ಪಾತ್ರ ಬೆಳೆಸುತ್ತ ಸಾಗುವ ಆಟ) ಮಾಡಿದ್ದೇವೆ. ಅಣಬೆ ಟೋಪಿ ಹಾಕಿದ ಪುಟ್ಟ ಮಂತ್ರವಾದಿಯೇ ಹೀರೋ. ಪ್ಲೇ ಸ್ಟೋರ್‌ನಲ್ಲಿದೆ. ಈಗ ನಿಂಟೆಂಡೊ ಸ್ವಿಚ್ ಕನ್ಸೋಲ್‌ಗೆ ತರಬೇಕು ಅಂತ ಆಸೆ. ಪ್ಲಾಟ್‌ಫಾರ್ಮ್ ಬದಲಿಸಿ ಬಿಲ್ಡ್ ಒತ್ತಿದರೆ ಮುಗೀತು ಅಂತಾನೆ ನಮ್ಮಲ್ಲೊಬ್ಬ. ಹೌದಾ?*
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಬಿಲ್ಡ್ ಏನೋ ಆಗುತ್ತದೆ. ಟಿವಿ ಮೇಲೆ ನಿಮ್ಮ ಮಂತ್ರವಾದಿ ಓಡಾಡುತ್ತಾನೆ, ನೀವು ಮೂವರೂ ಕುಣಿಯುತ್ತೀರಿ. ಆಮೇಲೆ ಆಟದೊಳಗಿನ ಅಂಗಡಿ ಮೆನು ತೆರೆದು ನೋಡಿ. ನಿಜವಾದ ಕೆಲಸ ಅಲ್ಲಿಂದ ಶುರು.

ಅದಕ್ಕೂ ಮೊದಲು ಒಂದು ವಿಷಯ. ಸ್ವಿಚ್‌ಗೆ ಬೇಕಾದ ಯೂನಿಟಿ ಭಾಗ ಎಲ್ಲರಿಗೂ ಸಿಗುವ ಡೌನ್‌ಲೋಡ್‌ನಲ್ಲಿ ಇರುವುದಿಲ್ಲ. ನಿಂಟೆಂಡೊದ ಡೆವಲಪರ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಅವರು ಒಪ್ಪಿದ ಮೇಲಷ್ಟೇ ಅದು ಕೈಗೆ ಬರುತ್ತದೆ. ಈ ಕೆಲಸ ಇವತ್ತೇ ಶುರುಮಾಡಿ.

ಪೋರ್ಟ್, ಅಂದರೆ ಆಟವನ್ನು ಇನ್ನೊಂದು ಯಂತ್ರಕ್ಕೆ ತರುವುದು, ಅಂದ ಕೂಡಲೇ ಎಲ್ಲರೂ ಗ್ರಾಫಿಕ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಿಮ್ಮಂಥ ಪುಟ್ಟ ಆಟಕ್ಕೆ ಅದು ಅಷ್ಟು ದೊಡ್ಡ ತಲೆನೋವಲ್ಲ. 2017ರ ಮೊದಲ ಸ್ವಿಚ್‌ನ ಪರದೆ 1280×720 ಮಾತ್ರ. ನಿಮ್ಮ ಜೇಬಿನಲ್ಲಿರುವ ಫೋನ್‌ನಲ್ಲೇ ಇದಕ್ಕಿಂತ ಜಾಸ್ತಿ ಪಿಕ್ಸೆಲ್ ಇದ್ದರೂ ಇರಬಹುದು. ಆಟದ ಚಿತ್ರಗಳನ್ನು ಕುಗ್ಗಿಸಿಡಲು ಫೋನ್‌ಗಳಲ್ಲಿ ಬಳಸುವ ಎಎಸ್‌ಟಿಸಿ ವಿಧಾನ ಸ್ವಿಚ್‌ನಲ್ಲೂ ನಡೆಯುತ್ತದೆ.

ತೊಂದರೆ ಇರುವುದು ಬೆರಳಿನಲ್ಲಿ. ಫೋನ್‌ನಲ್ಲಿ ಆಡುವವರು ಬೇಕಾದ್ದರ ಮೇಲೆ ನೇರವಾಗಿ ಬೆರಳಿಡುತ್ತಾರೆ. ಕಂಟ್ರೋಲರ್‌ನಲ್ಲಿ ಹಾಗಿಲ್ಲ. ಪರದೆ ಮೇಲೆ ಯಾವುದೋ ಒಂದು ವಸ್ತು ಯಾವಾಗಲೂ ಹೈಲೈಟ್ ಆಗಿರಬೇಕು. ಮದ್ದಿನ ಸೀಸೆ ಮಾರುವುದನ್ನೇ ತೆಗೆದುಕೊಳ್ಳಿ. ಫೋನ್‌ನಲ್ಲಿ ಸೀಸೆ ಮುಟ್ಟು, 'ಮಾರು' ಮುಟ್ಟು, ಮುಗೀತು. ಕಂಟ್ರೋಲರ್‌ನಲ್ಲಿ ಮೆನು ತೆರೆದಾಗ ಮೊದಲು ಯಾವ ಖಾನೆ ಹೊಳೆಯಬೇಕು? ಬಲತುದಿಯ ಖಾನೆಯಿಂದ ಮತ್ತೆ ಬಲಕ್ಕೆ ಒತ್ತಿದರೆ 'ಮಾರು' ಬಟನ್‌ಗೆ ಹೋಗಬೇಕಾ, ಕೆಳಗಿನ ಸಾಲಿಗಾ? 'ಖಂಡಿತ ಮಾರಬೇಕಾ?' ಅಂತ ಕೇಳುವ ಪೆಟ್ಟಿಗೆ ಬಂದಾಗ 'ಹೌದು' ಹೊಳೆಯಬೇಕಾ, 'ಬೇಡ'ವಾ? ಇನ್ನು ಕೊನೆಯ ಸೀಸೆಯನ್ನೂ ಮಾರಿಬಿಟ್ಟರೆ? ಖಾನೆ ಮಾಯ, ಅದರ ಜತೆ ಹೈಲೈಟೂ ಮಾಯ. ಆಡುವವರು ಯಾವ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಆಟ ನಿಂತಿಲ್ಲ, ಹಾಡು ಬರುತ್ತಲೇ ಇದೆ, ಮಂತ್ರವಾದಿ ಕಣ್ಣು ಪಿಳಿಪಿಳಿ ಬಿಡುತ್ತಲೇ ಇದ್ದಾನೆ, ಆದರೆ ಹೊರಗೆ ಬರಲು ದಾರಿಯಿಲ್ಲ. ನನ್ನ ಕೆಲಸದ ದಿನ ಬಹುಪಾಲು ಕಳೆಯುವುದು ಇಂಥ ಬಗ್‌ಗಳ ಹಿಂದೆ ಬಿದ್ದೇ.

ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಪರದೆ ಮೇಲೆ ಒಂದು ಮೌಸ್ ಬಾಣ ಇಟ್ಟು, ಅದನ್ನು ಸ್ಟಿಕ್‌ನಲ್ಲಿ ಓಡಾಡಿಸಿ ಅಂತಾರೆ. ದಯವಿಟ್ಟು ಬೇಡ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಒಳ್ಳೆ ಮಾದರಿ ಬೇಕಾದರೆ 'ಕ್ಯಾಟ್ ಕ್ವೆಸ್ಟ್' ನೋಡಿ. ಸಿಂಗಪುರದ ಜೆಂಟಲ್‌ಬ್ರೋಸ್ ಅನ್ನುವ ಪುಟ್ಟ ತಂಡದ್ದು. 2017ರಲ್ಲೇ ಫೋನ್‌ಗೂ ಬಂತು, ಸ್ವಿಚ್ ಮತ್ತು ಪಿಎಸ್4 (ಪ್ಲೇಸ್ಟೇಷನ್ 4)ಗೂ ಬಂತು. ಫೋನ್‌ನಲ್ಲಿ ನೆಲ ಮುಟ್ಟಿದರೆ ಬೆಕ್ಕು ಅಲ್ಲಿಗೆ ಓಡುತ್ತದೆ, ಶತ್ರುವನ್ನು ಮುಟ್ಟಿದರೆ ಹೊಡೆಯುತ್ತದೆ. ಕಂಟ್ರೋಲರ್‌ನಲ್ಲಿ ಓಟ ಸ್ಟಿಕ್‌ಗೆ ಬಂತು, ಮಂತ್ರಗಳು ಭುಜದ ಬಟನ್‌ಗಳಿಗೆ ಹೋದವು. ಆಟ ಅದೇ, ಆದರೆ ಕೈಗೆ ಹೊಸದಾಗಿ ಹೊಲಿದ ಹಾಗೆ ಕೂರುತ್ತದೆ.

ಬಟನ್ ಹೆಸರಿನ ವಿಷಯದಲ್ಲೂ ಹುಷಾರು. ನಿಂಟೆಂಡೊದಲ್ಲಿ 'ಎ' ಬಲಗಡೆ, 'ಬಿ' ಕೆಳಗೆ. ಎಕ್ಸ್‌ಬಾಕ್ಸ್‌ನಲ್ಲಿ 'ಎ' ಕೆಳಗೆ, 'ಬಿ' ಬಲಗಡೆ. ಪ್ಲೇಸ್ಟೇಷನ್‌ನಲ್ಲಿ ಅಕ್ಷರಗಳೇ ಇಲ್ಲ, ಕ್ರಾಸ್, ಸರ್ಕಲ್ ಇತ್ಯಾದಿ. ಪಾಠ ಹೇಳಿಕೊಡುವ ಚಿತ್ರದೊಳಗೇ 'ಎ ಒತ್ತಿ' ಅಂತ ಬರೆದಿಟ್ಟಿದ್ದರೆ ಈಗಲೇ ತೆಗೆದು, ಆ ಜಾಗಕ್ಕೆ ಬದಲಾಯಿಸಬಲ್ಲ ಐಕಾನ್ ಹಾಕಿ. 'ಇಲ್ಲಿ ಟ್ಯಾಪ್ ಮಾಡಿ' ಅನ್ನುವ ಮಾತು ಎಲ್ಲೆಲ್ಲಿ ಉಳಿದಿದೆ ಅಂತಲೂ ಹುಡುಕಿ. ಹೇಗೂ ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ.

*ಪ್ರಶ್ನೆ: ಹಳೆಯ ಆಟಗಳನ್ನು ಫೋನ್‌ಗೆ ತಂದು, ಅಲ್ಲಿಂದ ಮತ್ತೆ ಕನ್ಸೋಲ್‌ಗೆ ತರುತ್ತಾರಲ್ಲ, ಟಿವಿಯಲ್ಲಿ ಅವು ಯಾಕೋ ಸೊರಗಿದ ಹಾಗೆ ಕಾಣುತ್ತವೆ. ನನಗೊಬ್ಬಳಿಗೇ ಹಾಗನ್ನಿಸುವುದಾ?*
— ಪ್ರೌಢಶಾಲಾ ಶಿಕ್ಷಕಿ, ಮೈಸೂರು

ನಿಮಗೊಬ್ಬರಿಗೇ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಡ್ರ್ಯಾಗನ್ ಕ್ವೆಸ್ಟ್ ಸರಣಿಯ ಮೊದಲ ಮೂರು ಆಟಗಳು ಸ್ವಿಚ್‌ಗೆ ಬಂದವು. ಅವಕ್ಕೆ ಆಧಾರ ಫೋನ್ ಆವೃತ್ತಿಯೇ. ನಡೆಯುವಾಗ ಪರದೆ ಜರ್ಕ್ ಹೊಡೆಯುತ್ತದೆ, ಹಿನ್ನೆಲೆ ಒಂದು ಬಗೆ, ಪಾತ್ರಗಳು ಇನ್ನೊಂದು ಬಗೆ ಅಂತ ಆಗಲೇ ಜನ ಗೊಣಗಿದರು. ಅಂಗೈಯಗಲದ ಪರದೆಯಲ್ಲಿ ಕಣ್ತಪ್ಪಿ ಹೋಗುವ ದೋಷ ಟಿವಿಯಲ್ಲಿ ಢಾಳಾಗಿ ಕಾಣುತ್ತದೆ.

ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. ಫೈನಲ್ ಫ್ಯಾಂಟಸಿಯ ಹಳೆಯ ಆಟಗಳ 'ಪಿಕ್ಸೆಲ್ ರೀಮಾಸ್ಟರ್' ಅನ್ನುವ ಹೊಸ ಆವೃತ್ತಿ 2021ರಿಂದ ಫೋನ್ ಮತ್ತು ಪಿಸಿಗೆ ಬರತೊಡಗಿತು. ಚಿತ್ರಗಳು ಚಂದ, ಆದರೆ ಇಂಗ್ಲಿಷ್ ಅಕ್ಷರಗಳು ಸಣಕಲು, ಇಕ್ಕಟ್ಟು. ಪಿಕ್ಸೆಲ್ ಚಿತ್ರಗಳ ಪಕ್ಕ ಅವು ಹೊಂದಲೇ ಇಲ್ಲ. ಆಡುವವರು ಎರಡು ವರ್ಷ ಬೈದದ್ದೇ ಬೈದದ್ದು. 2023ರ ಏಪ್ರಿಲ್‌ನಲ್ಲಿ ಸ್ವಿಚ್ ಮತ್ತು ಪಿಎಸ್4ಗೆ ಬಂದಾಗ ಪಿಕ್ಸೆಲ್ ಫಾಂಟ್ ಆರಿಸಿಕೊಳ್ಳುವ ಅವಕಾಶ ಕೊಟ್ಟರು. ಹೊಸ ಸಂಗೀತ ಬೇಡವಾದರೆ ಮೂಲ ಸಂಗೀತ ಕೇಳಬಹುದು, ದಾರಿಯಲ್ಲಿ ಎದುರಾಗುವ ಶತ್ರುಗಳು ಬೇಡವಾದರೆ ಆಫ್ ಮಾಡಬಹುದು. ಆಮೇಲೆ ಇವೆಲ್ಲ ಫೋನ್‌ಗೂ ಬಂದವು! ಕನ್ಸೋಲ್‌ಗಾಗಿ ಮಾಡಿದ ದುರಸ್ತಿಯಿಂದ ಫೋನ್ ಆಟವೂ ಸುಧಾರಿಸಿತು.

ನಾನು ಅಕ್ಷರದ ಗಾತ್ರ ನೋಡುವುದು ಹೀಗೆ: ಟಿವಿಯಲ್ಲಿ ಆಟ ಹಾಕಿ, ಕೋಣೆಯ ಇನ್ನೊಂದು ತುದಿಗೆ ಹೋಗಿ ಕನ್ನಡಕ ತೆಗೆದು ಓದುತ್ತೇನೆ. ಆಫೀಸಿನಲ್ಲಿ ನಗುತ್ತಾರೆ, ನಗಲಿ.

*ಪ್ರಶ್ನೆ: ನಮ್ಮ ಮೊಬೈಲ್ ಆಟದಲ್ಲಿ ಎನರ್ಜಿ ಇದೆ, ಗಾಚಾ (ಲಾಟರಿಯಂತೆ ಪಾತ್ರ ಸಿಗುವ ವ್ಯವಸ್ಥೆ) ಇದೆ, ಜಾಹೀರಾತು ನೋಡಿದರೆ ರತ್ನ ಕೊಡುತ್ತೇವೆ. ಕನ್ಸೋಲ್‌ನಲ್ಲೂ ಹಾಗೇ ಬಿಟ್ಟರೆ ಆಗದೇ?*
— ಆಟ ತಯಾರಕ, ಶಿರಸಿ

ಬಿಡಬೇಡಿ. ದುಡ್ಡು ಕೊಟ್ಟು ಕೊಂಡವರಿಗೆ 'ಎನರ್ಜಿ ಮುಗೀತು, ಅರ್ಧ ಗಂಟೆ ಬಿಟ್ಟು ಬನ್ನಿ' ಅಂದರೆ ಅವರು ಮತ್ತೆ ಬರುವುದಿಲ್ಲ.

ಸುಮ್ನೆ ಎನರ್ಜಿಯನ್ನು ಕಿತ್ತುಹಾಕಿದರೂ ಸಾಲದು ಅನ್ನುವುದೇ ಇಲ್ಲಿನ ಕಷ್ಟ. ನಿಮ್ಮ ಆಟದ ಲೆಕ್ಕಾಚಾರವೆಲ್ಲ ಕಾಯಿಸುವುದರ ಮೇಲೆ ನಿಂತಿದೆ. ಶತ್ರುಗಳ ಬಲ, ಆಯುಧದ ಬೆಲೆ, ಒಂದು ಹಂತದಿಂದ ಇನ್ನೊಂದಕ್ಕೆ ಬೇಕಾದ ಅಂಕ, ಎಲ್ಲವೂ 'ದಿನಕ್ಕೆ ಇಷ್ಟೇ ಆಡುತ್ತಾರೆ' ಅಂದುಕೊಂಡು ಇಟ್ಟದ್ದು. ಆ ತಡೆ ಹೋದರೆ ಭಾನುವಾರ ಸೋಫಾದಲ್ಲಿ ಕೂತವರು ಸಂಜೆಯೊಳಗೆ ಎಲ್ಲ ಮುಗಿಸುತ್ತಾರೆ, ಇಲ್ಲವೇ ಒಂದೇ ಕಾಡಿನಲ್ಲಿ ಒಂದೇ ಲೋಳೆಭೂತವನ್ನು ಹೊಡೆದು ಹೊಡೆದು ಬೇಸತ್ತು ಬಿಡುತ್ತಾರೆ. ಗಾಚಾದಲ್ಲಿ ಸಿಗುತ್ತಿದ್ದ ಪಾತ್ರಗಳಿಗೆ ಕಥೆಯಲ್ಲೇ ಜಾಗ ಮಾಡಿಕೊಡಬೇಕು: ಈಕೆ ಹಳ್ಳಿಯಲ್ಲಿ ಸಿಗುತ್ತಾಳೆ, ಆತ ಈ ಕೆಲಸ ಮಾಡಿಕೊಟ್ಟರೆ ಜತೆಗೆ ಬರುತ್ತಾನೆ, ಹೀಗೆ. ಆಕ್ಟೋಪಾತ್ ಟ್ರಾವೆಲರ್ ಸರಣಿಯ ಮೊಬೈಲ್ ಗಾಚಾ ಆಟದ ಕಥೆಯನ್ನು ಹೊಸದಾಗಿ ಕಟ್ಟಿ, 2025ರ ಡಿಸೆಂಬರ್‌ನಲ್ಲಿ 'ಆಕ್ಟೋಪಾತ್ ಟ್ರಾವೆಲರ್ 0' ಅಂತ ಕನ್ಸೋಲ್‌ಗೆ ತಂದರು. ಗಾಚಾ ತೆಗೆದರು, ಊರು ಕಟ್ಟುವ ಕೆಲಸ ಸೇರಿಸಿದರು. ಅದು ಪೋರ್ಟ್ ಅಲ್ಲ, ಹೆಚ್ಚುಕಮ್ಮಿ ಇನ್ನೊಂದು ಆಟ. ನಿಮ್ಮಲ್ಲಿ ಅಷ್ಟು ದುಡ್ಡು, ಜನ ಇಲ್ಲದಿದ್ದರೆ ಈ ಆಟವನ್ನು ಫೋನ್‌ನಲ್ಲೇ ಇರಲು ಬಿಟ್ಟು, ಮುಂದಿನದನ್ನು ಮೊದಲಿನಿಂದಲೇ ಕನ್ಸೋಲ್ ಮನಸ್ಸಿನಲ್ಲಿಟ್ಟು ಮಾಡಿ.

*ಪ್ರಶ್ನೆ: ನಾನು ಗೊಡೊ ಎಂಜಿನ್ ಬಳಸುತ್ತೇನೆ. ಅದರಲ್ಲಿ ಕನ್ಸೋಲ್‌ಗೆ ಎಕ್ಸ್‌ಪೋರ್ಟ್ ಮಾಡುವ ಬಟನ್ನೇ ಇಲ್ಲ, ಯಾಕೆ? ಕನ್ಸೋಲ್ ಕಂಪನಿಗಳು ಆಟವನ್ನು ಪರೀಕ್ಷೆ ಮಾಡುತ್ತವಂತೆ, ಏನು ನೋಡುತ್ತಾರೆ?*
— ಹವ್ಯಾಸಿ ಡೆವಲಪರ್, ಹುಬ್ಬಳ್ಳಿ

ಗೊಡೊ ಓಪನ್ ಸೋರ್ಸ್. ಕನ್ಸೋಲ್‌ನ ಕೋಡ್ ಗುಟ್ಟಿನ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ. ಎಲ್ಲರೂ ನೋಡುವ ಜಾಗದಲ್ಲಿ ಅದನ್ನು ಇಡುವ ಹಾಗಿಲ್ಲ. ಗೊಡೊ ಆಟಗಳನ್ನು ಕನ್ಸೋಲ್‌ಗೆ ತಂದುಕೊಡುವ ಕಂಪನಿಗಳಿವೆ, ಅವರ ಮೂಲಕ ಹೋಗಬಹುದು.

ಪರೀಕ್ಷೆಗೆ ನಿಂಟೆಂಡೊದಲ್ಲಿ ಲಾಟ್‌ಚೆಕ್ ಅಂತಾರೆ. ಆಟ ಚೆನ್ನಾಗಿದೆಯಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕನ್ಸೋಲ್‌ಗಳ ಈ ಪರೀಕ್ಷೆಗಳಲ್ಲಿ ಬರುವ ಪ್ರಶ್ನೆಗಳೇ ಬೇರೆ: ಯುದ್ಧದ ನಡುವೆ ಕಂಟ್ರೋಲರ್ ಕಡಿತವಾದರೆ ಏನಾಗುತ್ತದೆ? ಸೇವ್ ಆಗುತ್ತಿರುವಾಗ ಜಾಗ ತುಂಬಿಹೋದರೆ? ನಿದ್ದೆಗೆ ಹೋದ ಯಂತ್ರ ಎದ್ದಾಗ ಆಟ ಅಲ್ಲೇ ಇರುತ್ತದಾ? ನಮ್ಮಲ್ಲಿ ಒಬ್ಬ ಹುಡುಗ ಇದಕ್ಕಾಗಿಯೇ ಇದ್ದಾನೆ. ಬಾಸ್ ಫೈಟ್ ಬಿಸಿಯೇರುತ್ತಿದ್ದಂತೆ ಕಂಟ್ರೋಲರ್ ಆಫ್ ಮಾಡುತ್ತಾನೆ. ಸಂಬಳ ತೆಗೆದುಕೊಂಡು ಕೀಟಲೆ ಮಾಡುವ ಭಾಗ್ಯ ಅವನದು.

*ಪ್ರಶ್ನೆ: ಮಗಳು ಟ್ಯಾಬ್‌ನಲ್ಲಿ ಆಡುತ್ತಿದ್ದ ಆಟವನ್ನೇ ಸ್ವಿಚ್‌ನಲ್ಲಿ ಕೊಡಿಸಿದೆವು. ಟ್ಯಾಬ್‌ನಲ್ಲಿ ಎಲ್ಲಿವರೆಗೆ ಬಂದಿದ್ದಳೋ ಅಲ್ಲಿಂದ ಮುಂದುವರಿಸಬಹುದಾ? ದಿನವೂ ಅಳು.*
— ಗೃಹಿಣಿ, ನ್ಯೂಜೆರ್ಸಿ

ಸಾಮಾನ್ಯವಾಗಿ ಆಗುವುದಿಲ್ಲ. ಟ್ಯಾಬ್‌ನ ಸೇವ್ ಟ್ಯಾಬ್‌ನಲ್ಲೇ ಅಥವಾ ಆ ಕಂಪನಿಯ ಕ್ಲೌಡ್‌ನಲ್ಲಿರುತ್ತದೆ, ಸ್ವಿಚ್‌ಗೆ ಅದು ಕಾಣುವುದಿಲ್ಲ. ಆಟ ತಯಾರಿಸಿದವರದ್ದೇ ಖಾತೆ ಇದ್ದರೆ ಮಾತ್ರ ದಾರಿ. ಗೆನ್ಶಿನ್ ಇಂಪ್ಯಾಕ್ಟ್‌ನಂಥ ದೊಡ್ಡ ಆಟದಲ್ಲೂ ಪ್ಲೇಸ್ಟೇಷನ್‌ನಲ್ಲಿ ಅದೇ ಸೇವ್ ಮುಂದುವರಿಸುವ ಸೌಲಭ್ಯ ಬಂದದ್ದು 2021ರ ಜುಲೈನಲ್ಲಿ, ಆಟ ಬಂದು ತಿಂಗಳುಗಟ್ಟಲೆ ಆದ ಮೇಲೆ. ಟ್ಯಾಬ್‌ನಲ್ಲಿ ಆಟದ ಸೆಟ್ಟಿಂಗ್ಸ್ ತೆರೆದು ಖಾತೆ ಜೋಡಿಸುವ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಮಗಳು ಮೊದಲಿನಿಂದ ಆಡಬೇಕು. ಈ ಸಲ ದಾರಿ ಗೊತ್ತಿರುವುದರಿಂದ ಬೇಗ ಮುಂದೆ ಹೋಗುತ್ತಾಳೆ. ಟ್ಯಾಬ್‌ನಿಂದ ಮಾತ್ರ ಆಟವನ್ನು ಅಳಿಸಬೇಡಿ. ಕ್ಲೌಡ್ ಇಲ್ಲದ ಆಟವಾದರೆ ಸೇವ್ ಕೂಡ ಹೋಗುತ್ತದೆ.