ಮೇಷ್ಟ್ರನ್ನು ಕೇಳಿ: ಅಷ್ಟೊಂದು ಕೊಳವೆಗೆ ಗಾಳಿ ಎಲ್ಲಿಂದ ಬರುತ್ತದೆ?

ಹಾಸನದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಾ, ಸುತ್ತಲಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಾ ಬಂದಿರುವ ಮೇಷ್ಟ್ರು ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವ ಅಂಕಣ ಇದು. ಹಾರ್ಮೋನಿಯಂಗೆ ಪೈಪ್ ಆರ್ಗನ್ ಅಜ್ಜನಿದ್ದಂತೆ ಎಂದು ಹೋದ ಸಂಚಿಕೆಯಲ್ಲಿ ಅವರು ಬರೆದಿದ್ದರು. ಈ ಸಲದ ಪತ್ರಗಳೆಲ್ಲ ಅದರ ಬಗ್ಗೆಯೇ.

ಪ್ರಶ್ನೆ: ಮೇಷ್ಟ್ರೇ, ಸಿನಿಮಾಗಳಲ್ಲಿ ಪೈಪ್ ಆರ್ಗನ್ ನೋಡಿದ್ದೇನೆ. ಚರ್ಚಿನ ಗೋಡೆ ತುಂಬಾ ಕೊಳವೆ, ಮುಂದೆ ಒಬ್ಬರೇ ಕೂತು ನುಡಿಸುತ್ತಿರುತ್ತಾರೆ. ಅಷ್ಟಕ್ಕೂ ಗಾಳಿ ಎಲ್ಲಿಂದ ಬರುತ್ತದೆ? ಇದನ್ನು ಮೊದಲು ಮಾಡಿದ್ದು ಯಾರು?
— ಕಾಲೇಜು ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಒಳ್ಳೆ ಕಡೆಯೇ ಕೈ ಇಟ್ಟಿದ್ದೀಯಮ್ಮಾ. ಆರ್ಗನ್ನಿನ ಎರಡು ಸಾವಿರ ವರ್ಷದ ಚರಿತ್ರೆಯೆಲ್ಲ ಗಾಳಿಯ ಚರಿತ್ರೆಯೇ ಎಂದು ನಾನು ನಂಬಿದ್ದೇನೆ. ಕೊಳವೆ ಕೊರೆದು ಊದುವುದು ಮನುಷ್ಯನಿಗೆ ಬಹಳ ಹಿಂದೆಯೇ ಗೊತ್ತಿತ್ತು. ಕಷ್ಟ ಇದ್ದದ್ದು ಒಂದೇ ಸಮ ಗಾಳಿ ಕೊಡುವುದರಲ್ಲಿ. ಹಾರ್ಮೋನಿಯಂನಲ್ಲಿ ಗಾಳಿ ಊದುವ ತಿದಿಯನ್ನು ಸ್ವಲ್ಪ ಜೋರಾಗಿ ಒತ್ತಿದರೆ ಶಬ್ದ ಜಾಸ್ತಿಯಾಗುತ್ತದೆ, ಶ್ರುತಿ ಅಷ್ಟಾಗಿ ಕದಲುವುದಿಲ್ಲ. ಕೊಳವೆಯ ಸ್ವಭಾವ ಬೇರೆ. ಗಾಳಿ ಹೆಚ್ಚಾದರೆ ಶ್ರುತಿಯೇ ಮೇಲೇರುತ್ತದೆ, ಇನ್ನೂ ಹೆಚ್ಚಾದರೆ ಮೇಲಿನ ಸ್ಥಾಯಿಗೆ ಹಾರಿಬಿಡುತ್ತದೆ. ನಿಮ್ಮೂರಲ್ಲಿ ಕೊಳಲು ನುಡಿಸುವವರನ್ನು ಯಾರನ್ನಾದರೂ ಕೇಳು, ಊದಿ ತೋರಿಸುತ್ತಾರೆ.

ಇದಕ್ಕೆ ಮೊದಲು ದಾರಿ ಕಂಡವನು ಕ್ಟೆಸಿಬಿಯಸ್. ಕ್ರಿ.ಪೂ. 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕ್ ಎಂಜಿನಿಯರ್. ಕ್ಷೌರಿಕನ ಮಗ ಎಂದು ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿಟ್ಟಿದ್ದಾನೆ. ಕ್ಟೆಸಿಬಿಯಸ್ ಒಂದು ತೊಟ್ಟಿಗೆ ನೀರು ತುಂಬಿಸಿ, ಒಳಗೆ ಗಂಟೆಯಾಕಾರದ ಪಾತ್ರೆಯನ್ನು ಬೋರಲು ಹಾಕಿದ. ಪಂಪಿನಿಂದ ಆ ಪಾತ್ರೆಗೆ ಗಾಳಿ ತುಂಬಿದಂತೆ ನೀರು ಕೆಳಗಿನಿಂದ ಹೊರಬಿದ್ದು ತೊಟ್ಟಿಯಲ್ಲಿ ಮೇಲೇರುತ್ತದೆ. ಮೇಲೇರಿದ ನೀರು ತನ್ನ ಭಾರದಿಂದ ಗಾಳಿಯನ್ನು ವಾಪಸ್ ಒತ್ತುತ್ತದೆ. ಪಂಪು ಒತ್ತುವವನ ಕೈ ಒಂದು ಕ್ಷಣ ನಿಂತರೂ ಕೊಳವೆಗೆ ಹೋಗುವ ಗಾಳಿ ನಿಲ್ಲುವುದಿಲ್ಲ. ನಿಮ್ಮ ಕಡೆ ಹಿತ್ತಲಿನಲ್ಲಿ ಹಳೇ ಗೋಬರ್ ಗ್ಯಾಸ್ ಡ್ರಮ್ ಇದ್ದರೆ ಹೋಗಿ ನೋಡು. ಡ್ರಮ್ಮಿನ ಭಾರವೇ ಗ್ಯಾಸನ್ನು ಒಂದೇ ಸಮನಾಗಿ ಒಲೆಗೆ ತಳ್ಳುತ್ತದಲ್ಲ, ಹೆಚ್ಚುಕಡಿಮೆ ಅದೇ ಉಪಾಯ. ಇಲ್ಲಿ ಆ ಕೆಲಸ ನೀರಿನದು.

ಆಗ ಇದಕ್ಕೂ ಚರ್ಚಿಗೂ ಸಂಬಂಧವೇ ಇರಲಿಲ್ಲ. ರೋಮನ್ನರು ಇದನ್ನು ಕತ್ತಿ ಕಾಳಗದ ಅಖಾಡದಲ್ಲಿ ನುಡಿಸುತ್ತಿದ್ದರು, ಅವರ ಕಾಲದ ನೆಲದ ಚಿತ್ರಗಳಲ್ಲಿ ಅದು ಕಾಣುತ್ತದೆ. ಈಗಿನ ಬುಡಾಪೆಸ್ಟ್ ಇರುವ ಕಡೆ ಅಕ್ವಿಂಕಂ ಎಂಬ ರೋಮನ್ ಊರಿತ್ತು. ಅಲ್ಲಿ 1931ರಲ್ಲಿ ಒಂದು ಪುಟ್ಟ ಆರ್ಗನ್ನಿನ ಚೂರುಗಳು ಸಿಕ್ಕವು. 4 ಸಾಲು, ಸಾಲಿಗೆ 13 ಕೊಳವೆ. ಕ್ರಿ.ಶ. 228ರಲ್ಲಿ ಒಂದು ಕಸುಬುದಾರರ ಸಂಘಕ್ಕೆ ಕೊಟ್ಟ ಕಾಣಿಕೆ ಎಂದು ತಗಡಿನ ಮೇಲೆ ಬರೆದಿದೆ. ಕಸುಬುದಾರರ ಸಂಘದಲ್ಲಿ ಆರ್ಗನ್! ನನಗೆ ಇದು ಬಹಳ ಇಷ್ಟದ ಸಂಗತಿ.

ರೋಮ್ ಕುಸಿದ ಮೇಲೆ ಪಶ್ಚಿಮದವರು ಇದನ್ನು ಮರೆತೇಬಿಟ್ಟರು. 757ರಲ್ಲಿ, ಈಗ ಇಸ್ತಾಂಬುಲ್ ಎನ್ನುವ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ ಐದನೇ ಕಾನ್‌ಸ್ಟಂಟೈನ್, ಈಗಿನ ಫ್ರಾನ್ಸ್, ಜರ್ಮನಿ ಕಡೆ ಆಳುತ್ತಿದ್ದ ಫ್ರಾಂಕರ ದೊರೆ ಪೆಪಿನ್‌ಗೆ ಒಂದು ಆರ್ಗನ್ ಉಡುಗೊರೆ ಕಳಿಸಿದ. ಅಲ್ಲಿಂದ ಮತ್ತೆ ಶುರು. ನಿಧಾನಕ್ಕೆ ಮಠಗಳಿಗೆ, ಚರ್ಚುಗಳಿಗೆ ಬಂತು. ಅಷ್ಟರಲ್ಲಿ ನೀರು ಹೋಗಿ ಚರ್ಮದ ತಿದಿ ಬಂದಿತ್ತು. ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ 10ನೇ ಶತಮಾನದ ಕೊನೆಗೆ ಇದ್ದ ಆರ್ಗನ್ನಿಗೆ 400 ಕೊಳವೆ, 26 ತಿದಿ, ತಿದಿ ಒತ್ತಲು 70 ಗಂಡಾಳು ಎಂದು ಅಲ್ಲಿನ ಸನ್ಯಾಸಿ ಕವಿಯೊಬ್ಬ ಹಾಡಿದ್ದಾನೆ. ಆ ಶಬ್ದಕ್ಕೆ ಜನ ಕಿವಿ ಮುಚ್ಚಿಕೊಂಡರಂತೆ. ಕವಿ ಸ್ವಲ್ಪ ಏರಿಸಿಯೇ ಹೇಳಿರಬೇಕು. ಆದರೂ ಬೆವರು ಸುರಿಸುವವರ ದಂಡು ಹಿಂದೆ ಇತ್ತು ಅನ್ನುವುದು ಸತ್ಯ.

ಆಮೇಲೆ ಬಂದ ಸುಧಾರಣೆ ಸರಳವಾದದ್ದು. ಆಳು ಒತ್ತುವ ತಿದಿ ಬೇರೆ, ಗಾಳಿ ಶೇಖರಿಸುವ ದೊಡ್ಡ ತಿದಿ ಬೇರೆ. ಶೇಖರಣೆಯ ತಿದಿ ಮೇಲೆ ಕಲ್ಲೋ ಇಟ್ಟಿಗೆಯೋ ಹೇರಿದರು. ಆ ಭಾರವೇ ಗಾಳಿಯನ್ನು ಹದದಲ್ಲಿ ಇಡುತ್ತದೆ. ನಿನ್ನ ಹಾರ್ಮೋನಿಯಂ ಬಿಚ್ಚಿದರೆ ಒಳಗೂ ಇನ್ನೊಂದು ತಿದಿ ಕಾಣುತ್ತದೆ. ಅಲ್ಲಿ ಇಟ್ಟಿಗೆ ಬದಲು ಸ್ಪ್ರಿಂಗ್. ಜರ್ಮನಿಯಲ್ಲಿ ತಿದಿ ಒತ್ತುವವನನ್ನು ಕಾಲ್ಕಾಂಟ್ ಎನ್ನುತ್ತಿದ್ದರು. ಅವನು ಆರ್ಗನ್ನಿನ ಹಿಂದೆ ಇರುತ್ತಿದ್ದ, ನುಡಿಸುವವನಿಗೆ ಕಾಣುತ್ತಿರಲಿಲ್ಲ. ಅವನಿಗೆ 'ಶುರು ಮಾಡು' ಎಂದು ಹೇಳಲು ನುಡಿಸುವವನ ಪಕ್ಕ ಒಂದು ಗುಬುಟು ಇರುತ್ತಿತ್ತು, ಎಳೆದರೆ ಹಿಂದೆ ಗಂಟೆ ಬಾರಿಸುತ್ತಿತ್ತು. ಸುಮಾರು 1900ರ ನಂತರ ಕರೆಂಟಿನ ಬ್ಲೋವರ್ ಬಂದು ಈ ಕೆಲಸವೇ ಹೋಯಿತು. ನುಡಿಸಿದವರ ಹೆಸರು ಚರಿತ್ರೆಯಲ್ಲಿ ಉಳಿದಿದೆ, ತಿದಿ ಒತ್ತಿದವರದು ಉಳಿದಿಲ್ಲ. ತಿದಿ ಕೆಲಸ ಮಾಡಿಯೇ ಬದುಕಿದ ನನಗೆ ಅದು ಮನಸ್ಸಿಗೆ ನಾಟುತ್ತದೆ.

ಪ್ರಶ್ನೆ: ತಾವು ನಿಜವಾದ ಪೈಪ್ ಆರ್ಗನ್ ಹತ್ತಿರದಿಂದ ನೋಡಿದ್ದೀರಾ? ಹೇಗಿರುತ್ತದೆ?
— ಶಾಲಾ ಶಿಕ್ಷಕರು, ಅರಸೀಕೆರೆ

ಉತ್ತರ: ನೋಡಿದ್ದೇನೆ ಸಾರ್. ಮಗಳು ಅಳಿಯ ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದಾರೆ. ಅಲ್ಲಿ ಸೇಂಟ್ ಜಾಕೋಬಿ ಚರ್ಚಿನಲ್ಲಿ ಆರ್ಗನ್ ಕಟ್ಟುವ ಕುಶಲಿ ಆರ್ಪ್ ಶ್ನಿಟ್ಗರ್ 1693ರಲ್ಲಿ ಮುಗಿಸಿದ ಆರ್ಗನ್ ಇದೆ. 60 ಸ್ಟಾಪು, ಸುಮಾರು 4,000 ಕೊಳವೆ.

ಸ್ಟಾಪು ಅಂದರೆ ನಮ್ಮ ಹಾರ್ಮೋನಿಯಂನ ಸ್ಟಾಪರ್ರೇ. ಎಳೆದರೆ ಒಂದು ಸಾಲು ಕೊಳವೆಗೆ ಗಾಳಿಯ ದಾರಿ ತೆರೆಯುತ್ತದೆ. ಒಂದೊಂದು ಸಾಲಿಗೂ ಒಂದೊಂದು ಬಣ್ಣದ ದನಿ. ಕೆಲವು ಕೊಳಲಿನ ಜಾತಿ, ತುಟಿ ಕೊಯ್ದಿರುತ್ತಾರೆ. ಕೆಲವು ಪುಂಗಿಯ ಜಾತಿ, ಒಳಗೆ ಹಿತ್ತಾಳೆಯ ನಾಲಗೆ ಬಡಿಯುತ್ತದೆ. ಲೋಹದವು ತವರ ಮತ್ತು ಸೀಸ ಬೆರೆಸಿ ಮಾಡಿದವು, ಉಳಿದವು ಮರದವು. ಸಾಲುಗಳಿಗೆ ಕೊಳವೆಯ ಉದ್ದದ ಅಡಿ ಲೆಕ್ಕದಲ್ಲಿ ಹೆಸರು. 8 ಅಡಿಯ ಸಾಲು ಮಾಮೂಲಿ ಶ್ರುತಿ, 16 ಅಡಿಯದು ಒಂದು ಸ್ಥಾಯಿ ಕೆಳಗೆ, 4 ಅಡಿಯದು ಒಂದು ಸ್ಥಾಯಿ ಮೇಲೆ. ನಾವು ಹಾರ್ಮೋನಿಯಂನಲ್ಲಿ ದನಿ ಹೊರಡಿಸುವ ಹಿತ್ತಾಳೆ ನಾಲಗೆಗೆ ರೀಡು ಎಂದು, ಕೆಳಗಿನ, ನಡುವಿನ, ಮೇಲಿನ ಸ್ಥಾಯಿಯವಕ್ಕೆ ಬಾಸ್, ಮೇಲ್, ಫೀಮೇಲ್ ಎಂದು ಹೇಳುತ್ತೇವಲ್ಲ, ಅದರ ಬೇರು ಇಲ್ಲಿದೆ. ಜಾಕೋಬಿಯಲ್ಲಿ ಕಾಲಲ್ಲಿ ತುಳಿದು ನುಡಿಸುವ ಕೀಗಳಿಗೆ 32 ಅಡಿಯ ಸಾಲೂ ಇದೆ. ಅದರ ಅತಿ ಕೆಳಗಿನ ಸ್ವರ ಸೆಕೆಂಡಿಗೆ 20ಕ್ಕಿಂತ ಕಡಿಮೆ ಸಲ ಕಂಪಿಸುತ್ತದೆ. ಅದು ಕಿವಿಗಿಂತ ಮೊದಲು ಕೂತ ಬೆಂಚಿಗೆ, ಎದೆಗೆ ಗೊತ್ತಾಗುತ್ತದೆ. ನನಗೆ ಕಣ್ಣಲ್ಲಿ ನೀರು ಬಂತು. ಮಗಳು ಯಾಕಪ್ಪಾ ಎಂದಳು, ಹೇಳಲು ಮಾತು ಸಿಗಲಿಲ್ಲ.

ಈ ಆರ್ಗನ್ನಿಗೆ ಕೆಲಸಕ್ಕೆ ಸೇರಲು 1720ರಲ್ಲಿ ಜರ್ಮನಿಯ ಹೆಸರಾಂತ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಕ್ ಅರ್ಜಿ ಹಾಕಿದ್ದ. ಕೆಲಸ ಸಿಕ್ಕಿದ್ದು ಚರ್ಚಿಗೆ 4,000 ಮಾರ್ಕ್ ಕಾಣಿಕೆ ಕೊಟ್ಟ ಇನ್ನೊಬ್ಬನಿಗೆ. ಬಾಕ್ ಹೊಸ ಆರ್ಗನ್‌ಗಳನ್ನು ಪರೀಕ್ಷೆ ಮಾಡಿಕೊಡುವುದರಲ್ಲೂ ಹೆಸರುವಾಸಿ. ಮೊದಲು ಎಲ್ಲ ಸ್ಟಾಪುಗಳನ್ನೂ ಎಳೆದು, ತುಂಬು ದನಿಯಲ್ಲಿ ನುಡಿಸಿ, ಇದರ ಶ್ವಾಸಕೋಶ ಗಟ್ಟಿ ಇದೆಯೇ ನೋಡೋಣ ಎನ್ನುತ್ತಿದ್ದನಂತೆ. ಅವನ ಮಗ ಬರೆದಿರುವ ಮಾತು. ನಾನೂ ರಿಪೇರಿಗೆ ಬಂದ ಪೆಟ್ಟಿಗೆಯ ತಿದಿಯನ್ನೇ ಮೊದಲು ನೋಡುವುದು.

ಎರಡು ಮಹಾಯುದ್ಧಗಳಲ್ಲೂ ಈ ಆರ್ಗನ್ ಕಷ್ಟಪಟ್ಟಿದೆ. 1917ರಲ್ಲಿ ಮುಂಭಾಗದ ತವರದ ಕೊಳವೆಗಳನ್ನು ಯುದ್ಧದ ಲೋಹಕ್ಕೆಂದು ಕಿತ್ತುಕೊಂಡರು. ಎರಡನೇ ಯುದ್ಧದಲ್ಲಿ ಕೊಳವೆಗಳನ್ನು ಮೊದಲೇ ಬಿಚ್ಚಿ ಜೋಪಾನ ಮಾಡಿದ್ದರು. 1944ರಲ್ಲಿ ಬಾಂಬು ಬಿದ್ದು ಚರ್ಚು ಸುಟ್ಟಿತು, ಕೊಳವೆ ಉಳಿದವು. 1993ರಲ್ಲಿ ಯೂರ್ಗನ್ ಆರೆಂಡ್ ಎಂಬ ಕುಶಲಿ ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತಂದು ನಿಲ್ಲಿಸಿದರು. ಬಿಚ್ಚಿ ಎತ್ತಿಟ್ಟವರಿಗೆ ನನ್ನ ನಮಸ್ಕಾರ.

ಪ್ರಶ್ನೆ: ಟಿಪ್ಪುವಿನ ಹುಲಿಯಲ್ಲಿ ಆರ್ಗನ್ ಇದೆ ಎಂದು ಯಾರೋ ಹೇಳಿದರು. ಹೌದಾ?
— ಹೊಳೆನರಸೀಪುರದ ಓದುಗರು

ಉತ್ತರ: ಹೌದು, ಕೊಳವೆಗಳಿರುವ ಆರ್ಗನ್ನೇ. 1790ರ ದಶಕದಲ್ಲಿ ಟಿಪ್ಪುವಿಗಾಗಿ ಮಾಡಿದ ಮರದ ಹುಲಿ ಅದು. ಕೆಳಗೆ ಬಿದ್ದ ಯುರೋಪಿನವನ ಮೇಲೆ ಎರಗಿದೆ. ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಆಡುತ್ತವೆ. ಬಿದ್ದವನ ಕೈ ಮೇಲೇಳುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ 18 ಸ್ವರದ ಆರ್ಗನ್ನಿನ ಗುಂಡಿಗಳು ಕಾಣುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಎತ್ತಿಕೊಂಡು ಹೋದರು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಮ್ಮ ಮಕ್ಕಳಿಗೆ ಇದನ್ನು ಬರೀ ಹುಲಿ ಗೊಂಬೆ ಎಂದು ತೋರಿಸುತ್ತೇವೆ. ಒಳಗಿನ ವಾದ್ಯದ ಬಗ್ಗೆಯೂ ಹೇಳಬೇಕು.

ಪ್ರಶ್ನೆ: ಒಂದು ಆರ್ಗನ್ನಿನಲ್ಲಿ 639 ವರ್ಷ ನುಡಿಸುವ ಸಂಗೀತ ನಡೆಯುತ್ತಿದೆ ಎಂದು ಮೊಬೈಲಿನಲ್ಲಿ ಬಂದಿತ್ತು. ಸುಳ್ಳು ಅಲ್ವಾ?
— ಕಡೂರಿನ ಓದುಗರು

ಉತ್ತರ: ನಿಜ. ಜರ್ಮನಿಯ ಹಾಲ್ಬರ್‌ಸ್ಟಾಟ್ ಊರಿನಲ್ಲಿ 2001ರ ಸೆಪ್ಟೆಂಬರಿನಲ್ಲಿ ಶುರುವಾಯಿತು, 2640ಕ್ಕೆ ಮುಗಿಯಬೇಕು. 'ಎಷ್ಟು ಸಾಧ್ಯವೋ ಅಷ್ಟು ನಿಧಾನ' ನುಡಿಸಿ ಎಂದು ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಬರೆದಿಟ್ಟ ಕೃತಿ ಅದು. ಒಂದು ಸ್ವರಗುಚ್ಛ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಿಲ್ಲುತ್ತದೆ. 2024ರ ಫೆಬ್ರವರಿ 5ರಂದು ಒಮ್ಮೆ ಸ್ವರ ಬದಲಾಯಿತು, ಜನ ಕಿಕ್ಕಿರಿದು ನೆರೆದಿದ್ದರು. 639 ಯಾಕೆಂದರೆ, ಆ ಊರಿನಲ್ಲಿ 1361ರಲ್ಲಿ ಒಂದು ಹೆಸರಾಂತ ಆರ್ಗನ್ ಕಟ್ಟಿದ್ದರು. ಅಲ್ಲಿಂದ 2000ಕ್ಕೆ ಅಷ್ಟು ವರ್ಷ. ಕರೆಂಟಿನ ಬ್ಲೋವರ್ ಇರುವುದರಿಂದ ಇದೆಲ್ಲ ಸಾಧ್ಯ. ಎಪ್ಪತ್ತು ಗಂಡಾಳಿನ ಕಾಲದಲ್ಲಿ ಆಗುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಚರ್ಚಿನ ಕೀಬೋರ್ಡಿನಲ್ಲಿ 'ಚರ್ಚ್ ಆರ್ಗನ್' ಎಂಬ ಬಟನ್ ಇದೆ. ಹಾಡಿಗೆ ಅದನ್ನೇ ಒತ್ತುತ್ತೇವೆ. ನಿಜವಾದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?
— ಹಾಡುಗಾರ್ತಿ, ಸಕಲೇಶಪುರ

ಉತ್ತರ: ಬಟನ್ ಒತ್ತಿ ತಾಯಿ, ತಪ್ಪೇನಿಲ್ಲ. ಆದರೆ ನಿಮ್ಮ ಕೀಬೋರ್ಡಿನಲ್ಲಿ ಎಲ್ಲ ಸ್ವರವೂ ಎರಡು ಸ್ಪೀಕರಿನಿಂದ ಬರುತ್ತದೆ. ಆರ್ಗನ್ನಿನಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಜಾಗ. ರಾಗ ಓಡಿದಂತೆ ದನಿ ಗೋಡೆಯ ಮೇಲೆ ಆ ಕಡೆ ಈ ಕಡೆ ನಡೆಯುತ್ತದೆ. ಹವೆಗೂ ಅದು ಸ್ಪಂದಿಸುತ್ತದೆ. ಬಿಸಿಲು ಏರಿದರೆ ಕೊಳಲಿನ ಜಾತಿಯ ಕೊಳವೆಗಳ ಶ್ರುತಿ ಏರುತ್ತದೆ, ನಾಲಗೆಯ ಕೊಳವೆಗಳದು ಅಷ್ಟು ಏರುವುದಿಲ್ಲ. ಹಾಗಾಗಿ ಕಛೇರಿಗೆ ಮೊದಲು ನಾಲಗೆಯವನ್ನು ಮತ್ತೆ ಶ್ರುತಿ ಕೂಡಿಸಬೇಕಾಗುತ್ತದೆ.

ಇಷ್ಟು ದೊಡ್ಡದನ್ನು ಹಡಗಿಗೇರಿಸಿ ಮಳೆ, ಗೆದ್ದಲಿನ ಊರಿಗೆ ತರುವುದು ಸಣ್ಣ ಚರ್ಚುಗಳ ಕೈಲಾಗುವ ಕೆಲಸವಾಗಿರಲಿಲ್ಲ. ಪ್ಯಾರಿಸಿನ ಅಲೆಕ್ಸಾಂಡರ್ ದೆಬೇನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂ ಆ ಜಾಗಕ್ಕೆ ಬಂತು. ಕೊಳವೆ ಇಲ್ಲ, ರೀಡು ಮಾತ್ರ, ಕಾಲಲ್ಲಿ ತಿದಿ. ಕಲ್ಕತ್ತದ ದ್ವಾರಕಾನಾಥ್ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವ ಪೆಟ್ಟಿಗೆ ಮಾಡಿದರು. ಕಂಪನಿ ನಾಟಕಗಳವರು ಕಾಲು ಹಾರ್ಮೋನಿಯಂ ಬಿಡಲಿಲ್ಲ, ಎರಡೂ ಕೈ ಖಾಲಿ ಇರುತ್ತದಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನೇ ನಿಷೇಧಿಸಿತ್ತು. ಅದು ಅನ್ಯಾಯ ಎಂದು ಇವತ್ತಿಗೂ ಹೇಳುತ್ತೇನೆ. ಆ ವರ್ಷಗಳಲ್ಲೂ ನಮ್ಮ ಹಳ್ಳಿಗಳ ಕುರುಕ್ಷೇತ್ರ ನಾಟಕಗಳು ಈ ಪೆಟ್ಟಿಗೆ ಇಲ್ಲದೆ ನಡೆಯಲಿಲ್ಲ.

ಪ್ರಶ್ನೆ: ನಮ್ಮ ತೋಟದ ಹಳೇ ಬಂಗಲೆಯ ಅಟ್ಟದಲ್ಲಿ ಕಾಲಲ್ಲಿ ತುಳಿಯುವ ಒಂದು ಹಾರ್ಮೋನಿಯಂ ಸಿಕ್ಕಿದೆ. ತುಳಿದರೆ ಬರೀ ಬುಸ್ ಎನ್ನುತ್ತದೆ. ಗುಜರಿಗೆ ಕೊಡಬಹುದೇ?
— ಮೂಡಿಗೆರೆಯ ಬೆಳೆಗಾರರು

ಉತ್ತರ: ದಯವಿಟ್ಟು ಕೊಡಬೇಡಿ ಸ್ವಾಮಿ. ಬುಸ್ ಎಂದರೆ ತಿದಿ ಸೋರುತ್ತಿದೆ, ರೀಡು ಚೆನ್ನಾಗಿಯೇ ಇರಬಹುದು. ಮೊದಲು ಗೆದ್ದಲು, ಇಲಿ ತೂತು ನೋಡಿ. ಎಲ್ಲ ಸ್ಟಾಪರ್ ಮುಚ್ಚಿ, ಒಬ್ಬರು ತುಳಿಯಲಿ, ಇನ್ನೊಬ್ಬರು ಊದುಬತ್ತಿ ಹಚ್ಚಿ ತಿದಿಯ ಅಂಚಿನಲ್ಲಿ ನಿಧಾನಕ್ಕೆ ಹಿಡಿಯಿರಿ. ಹೊಗೆ ಎಲ್ಲಿ ದಿಕ್ಕು ತಪ್ಪುತ್ತದೋ ಅಲ್ಲಿ ತೂತು. ಬೆಂಕಿ ಬಟ್ಟೆಗೆ ತಾಗದಂತೆ ಹುಷಾರು. ಹೊಗೆ ಹೊರಕ್ಕೆ ಹಾರಿದರೆ ಅದು ಗಾಳಿ ತಳ್ಳುವ ಯುರೋಪಿನ ಮಾದರಿ, ಒಳಕ್ಕೆ ಸೆಳೆದರೆ ಗಾಳಿ ಹೀರುವ ಅಮೆರಿಕದ ಮಾದರಿ. ಇದನ್ನು ಬರೆದಿಟ್ಟುಕೊಳ್ಳಿ, ರಿಪೇರಿಗೆ ಬೇಕಾಗುತ್ತದೆ.

ತೂತಿಗೆ ತೆಳು ಕುರಿ ಚರ್ಮದ ತೇಪೆ, ಸರೇಸಿನಲ್ಲಿ, ಅಂದರೆ ಚರ್ಮ ಮೂಳೆಯಿಂದ ಕಾಯಿಸಿದ ಅಂಟಿನಲ್ಲಿ ಅಂಟಿಸಬೇಕು. ಫೆವಿಕಾಲ್ ಬೇಡ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಸರೇಸು ಬಿಸಿಗೆ ಬಿಡುತ್ತದೆ, ಅದು ಬಿಡುವುದಿಲ್ಲ. ದನಿ ಬಾರದ ರೀಡನ್ನು ಮೃದು ಬ್ರಷ್‌ನಿಂದ ಧೂಳು ತೆಗೆಯಿರಿ ಸಾಕು, ಕೆರೆಯಬೇಡಿ. ಒಂದು ಕೂದಲೆಳೆ ಹಿತ್ತಾಳೆ ಹೋದರೂ ಶ್ರುತಿ ಕೆಡುತ್ತದೆ. ಜೂನ್ ಮಳೆ ಹಿಡಿಯುವ ಮುಂಚೆ ಅಟ್ಟದಿಂದ ಇಳಿಸಿ, ಬಿಸಿಲು ನೇರ ಬೀಳದ ಒಣ ಕೋಣೆಯಲ್ಲಿಡಿ. ಹಿಂಬದಿಯ ಹಲಗೆ ತೆಗೆದು ಒಳಗಿನ ಫೋಟೋ, ಕಂಪನಿ ಹೆಸರಿನ ಚೀಟಿ ಇದ್ದರೆ ಅದರ ಫೋಟೋ, ಎರಡನ್ನೂ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ತಿದಿಗೆ ಎಷ್ಟು ಚರ್ಮ ಬೇಕಾಗುತ್ತದೆ ಎಂದು ನೋಡಿ ತಿಳಿಸುತ್ತೇನೆ.